ಮಕ್ಕಳಿಗೆ ಒಂದು ಸ್ವಂತ ವಾಕ್ಯ ಬರೆಯಲು ಬಿಡಿ

ಹತ್ತನೇ ತರಗತಿಯಲ್ಲಿರುವ ಅಕ್ಕನ ಮಗಳ ಇಂಗ್ಲಿಷ್ ನೋಟ್ಸ್ ನೋಡಿದಾಗಿನಿಂದ ಮನಸ್ಸು ಕುದಿಯುತ್ತಿದೆ. ಮುತ್ತಿನಂಥ ಅಕ್ಷರ, ಪುಟಪುಟಕ್ಕೂ ಕೆಂಪು ಗೆರೆ. ಆದರೆ ಇಡೀ ಪುಸ್ತಕದಲ್ಲಿ ಅವಳದೆನ್ನುವ ಒಂದು ವಾಕ್ಯವಿಲ್ಲ. ಎಲ್ಲವೂ ಕರಿಹಲಗೆಯದು, ಇಲ್ಲವೇ ಗೈಡಿನದು.

ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ನಾವು ವರದಿ ಮಾಡಿ ಹೇಳುವುದು, ಬರುತ್ತದೆಯೇ ಎಂದು ಕೇಳಿದೆ. 'ಟುಡೇ' ಇದ್ದರೆ 'ದಟ್ ಡೇ', 'ಟುಮಾರೋ' ಇದ್ದರೆ 'ದ ನೆಕ್ಸ್ಟ್ ಡೇ', 'ಹಿಯರ್' ಇದ್ದರೆ 'ದೇರ್' ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಸರಿ, ಬೆಳಿಗ್ಗೆ ಅಮ್ಮ ನಿನಗೆ ಏನು ಹೇಳಿದಳು, ಅದನ್ನು ಇಂಗ್ಲಿಷಿನಲ್ಲಿ ಹೇಳು ಎಂದೆ. "ಅದು ನೋಟ್ಸಿನಲ್ಲಿ ಇಲ್ಲ ಚಿಕ್ಕಮ್ಮ" ಎಂದಳು. ನಾನು ಸುಮ್ಮನೆ ಕಾದೆ. ತಡವರಿಸುತ್ತಾ, "ಅಮ್ಮ ಟೋಲ್ಡ್ ಮೀ ಟು ಬ್ರಿಂಗ್ ಕರಿಬೇವು" ಎಂದಳು. ವ್ಯಾಕರಣ ತಪ್ಪಿಲ್ಲದ, ಜೀವವಿರುವ ವಾಕ್ಯ! ಇಂಥದ್ದೊಂದನ್ನು ಅವಳಿಂದ ಇಷ್ಟು ವರ್ಷ ಯಾರೂ ಕೇಳಿಯೇ ಇರಲಿಲ್ಲವಲ್ಲ ಎಂದು ಸಿಟ್ಟು ಬಂತು.

ಪಾಠಗಳ ಗತಿಯೂ ಇದೇ. ಆರ್. ಕೆ. ನಾರಾಯಣ್ ಅವರ 'ಎ ಹೀರೋ' ಕಥೆ ಪಠ್ಯದಲ್ಲಿದೆ. ಒಬ್ಬನೇ ಮಲಗಲು ಹೆದರುವ ಸ್ವಾಮಿ, ಕತ್ತಲಲ್ಲಿ ಕಳ್ಳನ ಕಾಲು ಕಚ್ಚಿ ಊರಿಗೇ ವೀರನಾಗುತ್ತಾನೆ. ಮರುದಿನ ರಾತ್ರಿ ಮತ್ತೆ ಅಜ್ಜಿಯ ಪಕ್ಕದಲ್ಲೇ ಮಲಗುತ್ತಾನೆ. ಹಾಗಾದರೆ ಅವನು ಧೈರ್ಯವಂತನೇ, ಅಲ್ಲವೇ? ಮಕ್ಕಳು ಜಗಳವಾಡಿಯಾದರೂ ಉತ್ತರ ಹೇಳುವಂಥ ಪ್ರಶ್ನೆ ಇದು. ನೋಟ್ಸಿನಲ್ಲಿ ಇದರ ಸುಳಿವೇ ಇಲ್ಲ. ಆರು ಸಾಲಿನ ಸಾರಾಂಶವನ್ನು ಉರು ಹೊಡೆದರೆ ಪಾಠ ಮುಗಿಯಿತು.

ಪರೀಕ್ಷೆ ಹತ್ತಿರ ಬಂತು, 80 ಅಂಕದ ಪ್ರಶ್ನೆಪತ್ರಿಕೆ ಎದುರಿಗಿದೆ, ಮೊದಲು ಮಕ್ಕಳು ಪಾಸಾಗಲಿ ಎಂದು ಇಂಗ್ಲಿಷ್ ಕಲಿಸುವ ನೀವು ಹೇಳುತ್ತೀರಿ. ಪಾಸಾಗಲಿ, ನನಗೂ ಅದೇ ಬೇಕು. ಆದರೆ ಪರೀಕ್ಷೆ ಹತ್ತಿರ ಬರುವುದು ಜನವರಿಯಲ್ಲಿ. ಜೂನ್‌ನಿಂದ ಡಿಸೆಂಬರ್‌ವರೆಗೆ ಏನು ಮಾಡಿದಿರಿ? ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಹತ್ತು ವರ್ಷ ಒಂದು ಭಾಷೆಯನ್ನು ಓದಿದ ಮಗು ತನ್ನ ಅಮ್ಮ ಆಡಿದ ಮಾತನ್ನು ಅದರಲ್ಲಿ ಹೇಳಲು ಹೆದರಬೇಕೇ?

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಯಲ್ಲಿ ಉಪನ್ಯಾಸಕರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದಾಗ ಗಂಟಲು ಕಟ್ಟಿಹೋಗುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು, ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಆ ಅವಮಾನ ಇನ್ನೂ ಆರಿಲ್ಲ. ಅದು ಈ ಹುಡುಗಿಗೆ ಬರಬಾರದು.

ಗೆಳೆಯರ ಬಳಗದಲ್ಲಿ ಇಂಗ್ಲಿಷ್ ಕಲಿಸುವವರು ಬಹಳ ಮಂದಿ ಇದ್ದೀರಿ. ಈ ವರ್ಷ ನಿಮ್ಮ ತರಗತಿಯ ಮಗುವೊಂದು ತಾನೇ ಕಟ್ಟಿ ಬರೆದ ಒಂದು ಇಂಗ್ಲಿಷ್ ವಾಕ್ಯವನ್ನು ಇಲ್ಲಿ ಕೆಳಗೆ ಹಾಕಿ. ತಪ್ಪಿದ್ದರೂ ತಿದ್ದದೆ ಹಾಗೆಯೇ ಹಾಕಿ.