ಶಾಲು ಬೇಡ, ಒಂದು ಚಾಕ್‌ಪೀಸ್ ಕೊಡಿ ಸಾಕು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರ್ಕೊಳ್ಳೋನು ನಾನು, ಇರೋದು ಅಮೆರಿಕದಲ್ಲಿ. ಇಲ್ಲಿ ಪುಸ್ತಕ ಅಚ್ಚಾಯ್ತು ಅಂದ್ರೆ ಕೆಲಸ ಮುಗೀತು ಅಂತಲ್ಲ, ಆಮೇಲೆ ಎಲಿಮೆಂಟರಿ ಸ್ಕೂಲುಗಳಿಗೆ ಹೋಗಿ ಮಕ್ಕಳ ಮುಂದೆ ನಿಂತು ಬರೆದು ತೋರಿಸ್ಬೇಕು. ಊರಿಗೆ ಬಂದಾಗ ಗೊತ್ತಿರೋ ಮೇಷ್ಟ್ರುಗಳು ಕರೀತಾರೆ ಅಂತ ನಮ್ಮ ಕಡೆ ಶಾಲೆಗಳಿಗೂ ಹೋಗಿದೀನಿ. ಎರಡೂ ನೋಡಿ ನೋಡಿ ತಲೇಲಿ ಕೂತಿರೋದನ್ನ ಬರೀತಿದೀನಿ, ಖಾರ ಅನ್ಸಿದ್ರೆ ಹೊಟ್ಟೆಗ್ ಹಾಕ್ಕೊಳ್ಳಿ.

ಇಲ್ಲಿ ಸಾಮಾನ್ಯವಾಗಿ ಕರೆಯೋದು ಹೆಡ್ಮಾಸ್ಟರಲ್ಲ, ಸ್ಕೂಲಿನ ಲೈಬ್ರರಿಯನ್. ತಿಂಗಳುಗಟ್ಲೆ ಮುಂಚೆನೇ ಈಮೇಲು, ಎಷ್ಟು ಸೆಷನ್, ಎಷ್ಟು ನಿಮಿಷ, ಬರೆಯೋದನ್ನ ಪರದೆ ಮೇಲೆ ತೋರಿಸೋ ಡಾಕ್ಯುಮೆಂಟ್ ಕ್ಯಾಮೆರಾ ಬೇಕಾ, ದುಡ್ಡೆಷ್ಟು, ಎಲ್ಲಾ ಕಾಗದದ ಮೇಲೆ. ದಿನಕ್ಕೆ ಸಾವಿರ ಡಾಲರ್ ಮೇಲೆ ಕೇಳೋ ಕಲಾವಿದರು ಬೇಕಾದಷ್ಟು ಜನ ಇದಾರೆ, ಯಾರೂ ಅದನ್ನ ದುರಾಸೆ ಅನ್ನಲ್ಲ, ಕೆಲಸ ಅಂತಾರೆ. ಬೆಳಿಗ್ಗೆ ಆಫೀಸಲ್ಲಿ ಡ್ರೈವಿಂಗ್ ಲೈಸೆನ್ಸ್ ಸ್ಕ್ಯಾನ್ ಮಾಡಿ ಶರ್ಟಿಗೆ ವಿಸಿಟರ್ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡ್ತಾರೆ, ಸ್ವಾಗತ ಭಾಷಣ ಅಂದ್ರೆ ಎರಡೇ ವಾಕ್ಯ. ಆದ್ರೆ ನನಗೆ ನಿಜವಾಗ್ಲೂ ಹಿಡಿಸಿದ್ದು ಏನಂದ್ರೆ ನಾನು ಹೋಗೋ ಹೊತ್ತಿಗೆ ಮಕ್ಕಳು ನನ್ನ ಪುಸ್ತಕ ಓದಿರ್ತಾರೆ, ಬಾಗಿಲ ಹತ್ರಾನೇ ಅವರು ಬರೆದಿರೋ ನನ್ನ ಕಥೆಯ ಕಪ್ಪೆಗಳು ಸಾಲಾಗಿ ಅಂಟ್ಕೊಂಡಿರ್ತವೆ, ಕೆಲವಂತೂ ನನ್ನ ಕಪ್ಪೆಗಿಂತ ಚೆನ್ನಾಗಿರ್ತವೆ.

ನಾನು ಮಾಡೋ ಒಂದು ಆಟ ಇದೆ. ಒಂದು ಹಾಳೆ ತಗೊಂಡು ನಾಲ್ಕು ಸಲ ಮಡಚೋದು. ಒಂದು ಸಲಕ್ಕೆ 4 ಪುಟ, ಆಮೇಲೆ 8, 16, 32. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ ಯಾಕೆ ಅಂತ ಭಾಷಣ ಮಾಡೋ ಬದಲು ಮಡಚಿ ತೋರಿಸಿದ್ರೆ ಒಂದನೇ ಕ್ಲಾಸಿನ ಮಗುಗೂ ಗೊತ್ತಾಗುತ್ತೆ, ಅಚ್ಚಿನ ಮನೇಲಿ ದೊಡ್ಡ ಹಾಳೆನ ಹೀಗೇ ಮಡಚಿ ಕತ್ತರಿಸ್ತಾರೆ ಅಂತ. ಅದ್ರಲ್ಲಿ ಹೆಸರಿನ ಪುಟ, ಕಾಪಿರೈಟ್ ಪುಟ ಎಲ್ಲಾ ಕಳೆದ್ರೆ ಕಥೆಗೆ ಉಳಿಯೋದು ಹದಿನಾಲ್ಕು ಜೋಡಿ ಪುಟ ಇದ್ರೆ ಹೆಚ್ಚು. ಆಮೇಲೆ ಪ್ರಶ್ನೆ ಕೇಳಿ ಅಂದ್ರೆ ಪುಟಾಣಿಗಳು ಕೈ ಎತ್ತೋದು ನಮ್ಮನೇಲಿ ಬೆಕ್ಕು ಮರಿ ಹಾಕಿದೆ ಅಂತ ಹೇಳೋಕ್ಕೆ, ಅದು ಎಲ್ಲಾ ದೇಶದಲ್ಲೂ ಒಂದೇ.

ನಮ್ಮ ಕಡೆ ಮೊದಲ ಸಲ ಹೋದಾಗ ಇದೇ ಆಟ ಆಡೋಣ ಅಂತ ಬ್ಯಾಗಲ್ಲಿ ಹಾಳೆ ತುಂಬ್ಕೊಂಡು ಹೋಗಿದ್ದೆ. ಅಲ್ಲಿ ನೋಡಿದ್ರೆ ಶಾಮಿಯಾನ, ಮೈಕು, ವೇದಿಕೆ ಮೇಲೆ ಒಂಬತ್ತು ಕುರ್ಚಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷರ ಮಾತು, ಆಮೇಲೆ ಅವರಿಗಿಂತ ದೊಡ್ಡೋರು ಒಬ್ಬರ ಮಾತು, ಮಕ್ಕಳು ಬಿಸಿಲಲ್ಲಿ ಕೂತು ನೆಲದ ಮಣ್ಣಲ್ಲಿ ಬೆರಳಾಡಿಸ್ತಾ ಚಿತ್ರ ಬರೀತಿದ್ರು, ನಿಜ ಹೇಳ್ಬೇಕಂದ್ರೆ ಆವತ್ತು ಅಲ್ಲಿ ಚಿತ್ರ ಬರೆದಿದ್ದು ಅವರೊಬ್ಬರೇ. ನಂಗೆ ಶಾಲು ಹೊದಿಸಿ ಹಾರ ಹಾಕಿ ಪೇಟ ಇಟ್ಟು ಫೋಟೋ ತೆಗೆದು, ಕೊನೇಗೆ ಊಟದ ಬೆಲ್ಲಿಗೆ ಹತ್ತು ನಿಮಿಷ ಇದೆ ಅನ್ನುವಾಗ ಈಗ ಸಾಹೇಬ್ರು ಎರಡು ಮಾತಾಡ್ತಾರೆ ಅಂದ್ರು. ಮಾತು! ಚಿತ್ರ ಬರೆಯೋನ ಕೈಗೆ ಮೈಕು ಕೊಟ್ಟು ಕಪ್ಪುಹಲಗೆ ಕೊಡದೇ ಇದ್ರೆ ಹೇಗೆ?

ಪ್ರೀತಿ ಇಲ್ಲ ಅಂತಲ್ಲ, ಪ್ರೀತಿ ಜಾಸ್ತಿನೇ. ಕಲಾವಿದ ಅಂದ್ರೆ ನಮಗೆ ಸನ್ಮಾನ ಮಾಡೋ ವಸ್ತು, ಕೆಲಸ ಮಾಡಿ ತೋರಿಸೋ ಮನುಷ್ಯ ಅಲ್ಲ, ಅದೇ ಬೇಜಾರು. ಇಲ್ಲಿ 1938ರಿಂದ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನು ಚಿತ್ರಪುಸ್ತಕದ ಕಲಾವಿದರಿಗೆ ಅಂತಾನೇ ಕ್ಯಾಲ್ಡೆಕಾಟ್ ಪದಕ ಕೊಡ್ತಿದೆ, ಮುಖಪುಟದ ಮೇಲಿನ ಆ ಚಿನ್ನದ ಬಣ್ಣದ ಮುದ್ರೆ ಏನು ಅಂತ ಮಕ್ಕಳಿಗೂ ಗೊತ್ತಿರುತ್ತೆ. ನಮ್ಮಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ, ಸಂತೋಷ, ಆದ್ರೆ ಅದು ಲೇಖಕರಿಗೆ. ಚಂದಮಾಮದ ಬೇತಾಳ ಅಂದ ತಕ್ಷಣ ಹೆಗಲ ಮೇಲೆ ಹೆಣ ಹೊತ್ಕೊಂಡು ಕತ್ತಿ ಹಿಡಿದಿರೋ ರಾಜ ಕಣ್ಮುಂದೆ ಬರ್ತಾನಲ್ಲ, ಅವನನ್ನ ಬರೆದ ಶಂಕರ್ ಅವರು 2020ರಲ್ಲಿ ತೀರ್ಕೊಂಡಾಗ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು ಹೇಳಿ. ಕನ್ನಡದಲ್ಲಿ ಕಥೆನೂ ಬರೆಯೋದೇ, ಚಿತ್ರಾನೂ ಬರೆಯೋದೇ, ಇಬ್ಬರಿಗೂ ಒಂದೇ ಕ್ರಿಯಾಪದ ಕೊಟ್ಟಿರೋ ಭಾಷೆ ನಮ್ಮದು, ಆ ನ್ಯಾಯ ವೇದಿಕೆವರೆಗೂ ಬರ್ಲಿಲ್ಲ ಅಷ್ಟೇ.

ಹಂಗಂತ ಅಮೆರಿಕ ಸ್ವರ್ಗ ಅಂತ ತಿಳ್ಕೋಬೇಡಿ. ಎಷ್ಟೋ ಕಡೆ ಇದಕ್ಕೆ ದುಡ್ಡು ಬರೋದು ಪಿಟಿಎಯಿಂದ, ಅಂದ್ರೆ ಅಪ್ಪ ಅಮ್ಮಂದಿರ ಸಂಘದಿಂದ, ಹಾಗಾಗಿ ಉಳ್ಳೋರ ಏರಿಯಾದ ಸ್ಕೂಲಿಗೆ ವರ್ಷಕ್ಕೆ ಮೂರು ಜನ ಹೋಗ್ತಾರೆ, ಬಡವರ ಕಡೆ ಒಬ್ಬರೂ ಇಲ್ಲ. ಮುಂಚೆನೇ ದುಡ್ಡು ಕಟ್ಟಿದ ಮಕ್ಕಳಿಗೆ ಸಹಿ ಹಾಕಿದ ಪುಸ್ತಕ ಸಿಗುತ್ತೆ, ಆರ್ಡರ್ ಫಾರಂ ವಾಪಸ್ ತರದೇ ಇರೋ ಮಗು ಪಕ್ಕದಲ್ಲಿ ನಿಂತು ನೋಡ್ತಾ ಇರುತ್ತೆ, ಆ ಮುಖ ನೋಡೋಕ್ಕಾಗಲ್ಲ. ಇನ್ನು ಜಿಮ್ಮಿನ ನೆಲದ ಮೇಲೆ ಮುನ್ನೂರು ಮಕ್ಕಳನ್ನ ಕೂರಿಸಿ ನಾನೊಬ್ಬ ಬರೆಯೋದನ್ನ ಪರದೆ ಮೇಲೆ ನೋಡಿ ಅನ್ನೋದಿದ್ಯಲ್ಲ, ಅದೂ ಒಂಥರ ಭಾಷಣಾನೇ.

ಇದು ನಂಗೆ ಹೊಳೆದಿದ್ದು ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಶಾಲೇಲಿ. ಮಕ್ಕಳು ಆಡ್ತಾ ನಲೀತಾ ಕಲಿಯೋ ನಲಿ-ಕಲಿ ಪದ್ಧತಿ ಹುಟ್ಟಿದ ತಾಲ್ಲೂಕು ಅದು, 1995ರ ಸುಮಾರಿಗೆ ಅಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲಾ ಹಬ್ಬಿದ್ದು. ಆ ಕೋಣೆಯೊಳಗೆ ಗೋಡೆ ಸುತ್ತಾ ನೆಲದಿಂದ ಮಗುವಿನ ಎತ್ತರಕ್ಕೆ ಕಪ್ಪು ಬಣ್ಣ ಬಳಿದಿದ್ರು, ಒಂದೊಂದು ಮಗುಗೂ ಅದರದ್ದೇ ಜಾಗ. ಸಮಾರಂಭ ಏನೂ ಇರ್ಲಿಲ್ಲ, ಇದ್ದಿದ್ದು ಒಬ್ಬರೇ ಟೀಚರ್ರು. ನಾನೂ ಕುಕ್ಕರಗಾಲಲ್ಲಿ ಕೂತು ತಾಯಿ ಆನೆ ಬರೆದು ಎರಡು ದಂತ ಎಳೆದೆ. ಪಕ್ಕದಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿ ಸುಮ್ನೆ ನೋಡಿ, "ಹೆಣ್ಣಾನೆಗೆ ದಂತ ಇರಕಿಲ್ಲ ಸಾ" ಅಂದ್ಲು. ಆಫ್ರಿಕಾದ ಹೆಣ್ಣಾನೆಗೆ ಇರುತ್ತೆ ಕಣಮ್ಮ ಅಂತ ಸಮರ್ಥಿಸ್ಕೊಳ್ಳೋಕ್ಕೆ ಹೋದೆ, ಅಷ್ಟರಲ್ಲಿ ಅವಳು ಅಂಗೈಯಲ್ಲಿ ದಂತ ಎರಡನ್ನೂ ಒರೆಸಿ, ಕೈನ ಲಂಗಕ್ಕೆ ಉಜ್ಜಿ, ಹೊಟ್ಟೆ ಕೆಳಗೆ ಒಂದು ಮರಿ ಬರೆದುಬಿಟ್ಲು. ಇಷ್ಟು ವರ್ಷ ಜಿಮ್ಮುಗಳಲ್ಲಿ ಅದೇ ಆನೆ ಬರೆದಿದೀನಿ, ಯಾರೂ ಎದ್ದು ಬಂದು ಒರೆಸಿರ್ಲಿಲ್ಲ, ಒರೆಸೋಕ್ಕೆ ನನ್ನ ಹಾಳೆ ಅವರ ಕೈಗೆ ಸಿಗ್ತಾನೂ ಇರ್ಲಿಲ್ಲ.

ಹಾಗಾಗಿ ಈಗ ಇಲ್ಲೂ ಷರತ್ತು ಹಾಕ್ತೀನಿ, ಒಂದು ಸಲಕ್ಕೆ ಒಂದೇ ಕ್ಲಾಸು, ಎಲ್ಲರ ಕೈಯಲ್ಲೂ ಹಾಳೆ ಪೆನ್ಸಿಲ್ಲು ಇರ್ಬೇಕು ಅಂತ. ಕೆಲವರು ಒಪ್ತಾರೆ, ಕೆಲವರಿಗೆ ದುಡ್ಡಿಗೆ ತಕ್ಕಷ್ಟು ತಲೆ ಆಗ್ಲಿಲ್ಲ ಅನ್ಸುತ್ತೆ. ಮುಂದಿನ ತಿಂಗಳು ಊರಿಗೆ ಬರ್ತಿದೀನಿ, ಒಬ್ಬರು ಹೆಡ್ಮಾಸ್ಟರಿಗೆ ಮೊನ್ನೆ ಫೋನ್ ಮಾಡಿ ಸಮಾರಂಭ ಬೇಡ, ಶಾಲು ಖಂಡಿತ ಬೇಡ ಸರ್, ಒಂದು ಡಬ್ಬಿ ಚಾಕ್‌ಪೀಸ್ ಇದ್ರೆ ಸಾಕು ಅಂದೆ.

"ಅಯ್ಯೋ ಆಯ್ತು ಬಿಡಿ ಸರ್, ಶಾಲು ಕ್ಯಾನ್ಸಲ್" ಅಂದ್ರು. "ಬರೀ ಪೇಟ ಇಟ್ಕೊಳ್ಳೋಣ."