ಸ್ಟೀಲ್ ಲೋಟದ ಗಾಲ್ಫ್

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಹಳೇ ಕಲ್ಲಿನ ಕಟ್ಟಡ, ಮರದ ನೆಲ. ಒಂದು ರಾತ್ರಿ ಹತ್ತು ಗಂಟೆಗೆ ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ ಅದರೊಳಕ್ಕೆ ಗಾಲ್ಫ್ ಚೆಂಡು ಉರುಳಿಸುತ್ತಿದ್ದೆ. ಒಳಗೆ ಹೋದರೆ ಟಣ್. ತಪ್ಪಿದರೆ ಗೋಡೆಗೆ ಬಡಿದು ದಡ್. ಟಣ್‌ಗಿಂತ ದಡ್ಡೇ ಜಾಸ್ತಿ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಕೆಳಗಿನ ಮನೆಯ ಅಜ್ಜ, ರಾತ್ರಿ ಉಡುಪಿನಲ್ಲೇ ಬಂದಿದ್ದಾರೆ. ಬೈಯಲು ಬಂದವರು ನನ್ನ ಕೈಯಲ್ಲಿದ್ದ ಪಟರ್, ಅಂದರೆ ಚೆಂಡು ಉರುಳಿಸುವ ಗಾಲ್ಫ್ ಕೋಲು, ನೋಡಿದರು, ಲೋಟ ನೋಡಿದರು. "ಎಲ್ಲಿ, ಇನ್ನೊಂದು ಸಲ ಹೊಡಿ" ಎಂದರು. ಹೊಡೆದೆ. "ಚೆಂಡು ಹೊರಡೋ ಮೊದಲೇ ನಿನ್ನ ತಲೆ ಹೊರಟಿರುತ್ತೆ" ಎಂದರು. ನಾಳೆಯಿಂದ ದಪ್ಪ ಕಂಬಳಿ ಹಾಸಿಕೋ ಎಂದೂ ಹೇಳಿ ಇಳಿದು ಹೋದರು. ನನ್ನ ಮೊದಲ ಗಾಲ್ಫ್ ಪಾಠ ಅದು. ಬಿಟ್ಟಿ.

ಹೆಂಡತಿ ಓದಲು ಬಂದಳು, ನಾನು ಅವಳ ಹಿಂದೆ ಬಂದೆ. ಅವಳದ್ದು ವಿದ್ಯಾರ್ಥಿವೇತನ, ನನ್ನದು ವಾರಕ್ಕೆ ಮೂರು ದಿನದ ಕೆಲಸ. ಬಾಡಿಗೆ, ಕರೆಂಟು, ಅಕ್ಕಿ, ಬೇಳೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಇಂಥವನು ಗಾಲ್ಫ್ ಆಡುತ್ತೇನೆ ಅಂದರೆ ಊರಲ್ಲಿ ನಗುತ್ತಾರೆ. ನಗಲೂ ಕಾರಣವಿದೆ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಸ್ಯಾಂಕಿ ರಸ್ತೆಯ ಬಸ್ಸಿನ ಕಿಟಕಿಯಿಂದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಸಿರು ಕಾಣುತ್ತಿತ್ತು. 1876ರಲ್ಲಿ ಶುರುವಾದ ಕ್ಲಬ್ಬು ಅದು. ಅದು ನಮ್ಮಂಥವರ ಆಟ ಅಲ್ಲ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಲ್ಲಿ ಬಂದು ನೋಡಿದರೆ ಊರಿನ ನಡುವೆ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಅಂತ ಒಂದು ಹುಲ್ಲುಗಾವಲು. ಬೇಲಿ ಇಲ್ಲ, ಗೇಟಿಲ್ಲ, ಟಿಕೆಟ್ಟಿಲ್ಲ. ಬೇಸಿಗೆಯಲ್ಲಿ 36 ಪುಟ್ಟ ಕುಳಿಗಳು, ಬಾವುಟ ಸಮೇತ. ಯಾರು ಬೇಕಾದರೂ ಆಡಬಹುದು. ಒಂದು ಕಡೆ ಹುಡುಗರು ಬಿಯರ್ ಹಿಡಿದು ಕೂತಿರುತ್ತಾರೆ, ಇನ್ನೊಂದು ಕಡೆ ನಾಯಿ ಓಡುತ್ತಿರುತ್ತದೆ, ನಡುವೆ ಯಾರೋ ಅಜ್ಜಿ ಗುರಿ ಹಿಡಿಯುತ್ತಿರುತ್ತಾಳೆ. ಈ ದೇಶದಲ್ಲಿ 1457ರಲ್ಲಿ ರಾಜ ಎರಡನೇ ಜೇಮ್ಸ್‌ನ ಕಾಲದಲ್ಲಿ ಗಾಲ್ಫ್ ಮತ್ತು ಫುಟ್‌ಬಾಲ್ ಎರಡನ್ನೂ ನಿಷೇಧಿಸಿದ್ದರು. ಜನ ಬಿಲ್ವಿದ್ಯೆ ಬಿಟ್ಟು ಇದರಲ್ಲೇ ಮುಳುಗಿದ್ದಾರೆ ಅನ್ನುವುದು ದೂರು. ಮುಂದೆ 1502ರಲ್ಲಿ ನಾಲ್ಕನೇ ಜೇಮ್ಸ್ ತಾನೇ ಗಾಲ್ಫ್ ಕೋಲು ಕೊಂಡ. ಯಾರ ಹತ್ತಿರ ಗೊತ್ತಾ? ಪರ್ತ್ ಊರಿನ ಬಿಲ್ಲು ಮಾಡುವವನ ಹತ್ತಿರ.

ನನ್ನ ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಇಲ್ಲಿ ಬೀದಿಗೊಂದು ದತ್ತಿ ಅಂಗಡಿ ಇರುತ್ತದೆ. ಜನ ಬೇಡದ ಸಾಮಾನು ತಂದು ಕೊಡುತ್ತಾರೆ, ಅಂಗಡಿಯವರು ಮಾರಿ ಒಳ್ಳೆ ಕೆಲಸಕ್ಕೆ ಬಳಸುತ್ತಾರೆ. ಅಲ್ಲಿ ಮಧ್ಯಮ ದೂರಕ್ಕೆ ಹೊಡೆಯುವ ಒಂದು ಸೆವೆನ್ ಐರನ್, ಹತ್ತಿರದಿಂದ ಚೆಂಡು ಎತ್ತಿ ಹಾಕುವ ಒಂದು ವೆಜ್, ಒಂದು ಪಟರ್ ಸಿಕ್ಕವು. ಮೂರೂ ಸೇರಿ 12 ಪೌಂಡ್. ಗೀರು ಬಿದ್ದಿದ್ದರೆ ಚಿಂತೆಯಿಲ್ಲ, ಕೋಲು ಬಾಗಿರಬಾರದು ಅಷ್ಟೇ. ಹಿಡಿಯ ರಬ್ಬರ್ ಜಾರುತ್ತಿತ್ತು. ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಮತ್ತೆ ಕೈಗೆ ಅಂಟಿಕೊಂಡಿತು. ಚೆಂಡುಗಳು ಪೊದೆಯಲ್ಲಿ ಸಿಗುತ್ತವೆ. ದುಬಾರಿ ಚೆಂಡು ಕಳೆದುಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಬೆಂಗಳೂರಿನಲ್ಲಿ ನನ್ನ ಬಾಮೈದನೂ ಅದೇ ವರ್ಷ ಗಾಲ್ಫ್ ಶುರುಮಾಡಿದ. ಅವನದ್ದು ಬೇರೆ ದಾರಿ. ಮೊದಲೇ ಪೂರ್ತಿ ಸೆಟ್ ಕೊಂಡ. ಒಂದು ಚೀಲದಲ್ಲಿ 14 ಕೋಲಿಗಿಂತ ಜಾಸ್ತಿ ಇರಬಾರದು ಅನ್ನುವುದು ಆಟದ ನಿಯಮ. 14 ಇರಲೇಬೇಕು ಅಂತ ಎಲ್ಲೂ ಇಲ್ಲ. ಅವನು ಅದನ್ನು ಹೇಗೆ ಓದಿಕೊಂಡನೋ! ಶನಿವಾರ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ದೂರ ಹೊಡೆಯುವ ಅಭ್ಯಾಸದ ಜಾಗಕ್ಕೆ, ಅಂದರೆ ಡ್ರೈವಿಂಗ್ ರೇಂಜಿಗೆ ಹೋಗುತ್ತಾನೆ. ಬುಟ್ಟಿ ಚೆಂಡಿಗೆ ದುಡ್ಡು ಕೊಟ್ಟು, ಅತಿ ದೂರ ಹೊಡೆಯುವ ಕೋಲು ಡ್ರೈವರ್ ಹಿಡಿದು ಒಂದಾದ ಮೇಲೊಂದು ಬೀಸುತ್ತಾನೆ. "ಭಾವ, ಇವತ್ತು 200 ಗಜ ದಾಟಿಸಿದೆ" ಅಂತ ವಿಡಿಯೋ ಕಳಿಸುತ್ತಾನೆ. ಉಳಿದ 90 ಚೆಂಡು ಎಲ್ಲಿಗೆ ಹೋದವು ಅನ್ನುವ ವಿಡಿಯೋ ಬರುವುದಿಲ್ಲ.

ಅವನನ್ನು ಆಡಿಕೊಳ್ಳುತ್ತಿಲ್ಲ. ಅವನಿಗೆ ಹತ್ತಿರದಲ್ಲಿ ಸಿಗುವುದು ಅದೊಂದೇ. ಆದರೆ ಕೈಯಲ್ಲಿ ಕಾಸಿಲ್ಲದ ಹೊಸಬನಿಗೆ ಅದು ತಪ್ಪು ದಾರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ನೋಡಿ. 18 ಕುಳಿ, 72 ಹೊಡೆತದ ಒಂದು ಪೂರ್ತಿ ಸುತ್ತಿನಲ್ಲಿ 36 ಹೊಡೆತಗಳನ್ನು ಪಟಿಂಗಿಗೇ, ಅಂದರೆ ಕುಳಿಯ ಹತ್ತಿರ ಚೆಂಡು ಉರುಳಿಸುವುದಕ್ಕೇ ಎತ್ತಿಟ್ಟಿರುತ್ತಾರೆ, ಕುಳಿಗೆ ಎರಡರಂತೆ. ಅರ್ಧಕ್ಕರ್ಧ! ಡ್ರೈವರ್ ಕೈಗೆ ಬರುವುದು ಹೆಚ್ಚೆಂದರೆ 14 ಸಲ. ಹೊಸಬರು ಹೊಡೆತಗಳನ್ನು ಪೋಲು ಮಾಡುವುದೂ ಬಾವುಟದ ಹತ್ತಿರವೇ. ಅಲ್ಲಿಂದ ಅಲ್ಲಿಗೆ ಚೆಂಡು ದಾಟಿಸಲು ಮೂರು ಸಲ ಕೆರೆಯುತ್ತೇವೆ. ಬ್ರಂಟ್ಸ್‌ಫೀಲ್ಡ್‌ನಲ್ಲಿ ಒಂದು ಸಂಜೆ 36 ಕುಳಿ ಆಡಿದರೆ ವೆಜ್‌ನಲ್ಲಿ 36 ಹೊಡೆತ, ಆಮೇಲೆ ಚಿಪ್ ಅನ್ನುವ ಪುಟ್ಟ ಹೊಡೆತ, ಆಮೇಲೆ ಪಟಿಂಗ್. ದೊಡ್ಡ ಮೈದಾನದಲ್ಲಿ ಇಷ್ಟು ಅಭ್ಯಾಸ ಸಿಗಬೇಕಾದರೆ ಎಷ್ಟು ಸುತ್ತು ಆಡಬೇಕು, ಎಷ್ಟು ದುಡ್ಡು ಸುರಿಯಬೇಕು?

ದುಡ್ಡು ಕೊಟ್ಟು ನಾನು ಕಲಿತದ್ದು ಒಂದೇ ಪಾಠ, ಅರ್ಧ ಗಂಟೆಯದ್ದು. ಅದು ಬೇಕೇ ಬೇಕಿತ್ತು. ಗಲ್ಲಿ ಕ್ರಿಕೆಟ್ ಆಡಿ ಬೆಳೆದ ನಮಗೆ ಕೆಳಗಿನ ಕೈ ಜೋರು. ಟೆನ್ನಿಸ್ ಬಾಲನ್ನು ಎತ್ತಿ ಹೊಡೆದ ಅಭ್ಯಾಸ ನೋಡಿ. ನಾನು ಕೋಲು ಬೀಸಿದರೆ ಚೆಂಡು ಬಾಳೆಹಣ್ಣಿನ ಹಾಗೆ ಬಾಗಿ ಬಲಕ್ಕೆ ಹೋಗುತ್ತಿತ್ತು. ಕೋಚ್ ಬೇರೇನೂ ಮುಟ್ಟಲಿಲ್ಲ. ಎಡಗೈ ಹಿಡಿತವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರು, ಗಟ್ಟಿಯಾಗಿ ಹಿಸುಕಬೇಡ ಎಂದರು. ಹೀಗೆ ಹಿಡಿತ ಒಂದನ್ನು ಗೊತ್ತಿರುವವರಿಂದ ಸರಿಮಾಡಿಸಿಕೊಳ್ಳಬೇಕು. ಮಿಕ್ಕದ್ದಕ್ಕೆ ಮೊಬೈಲ್ ಸಾಕು. ನೀರಿನ ಬಾಟಲಿಗೆ ಒರಗಿಸಿಟ್ಟು ನಿಧಾನಗತಿಯಲ್ಲಿ ನನ್ನ ಸ್ವಿಂಗ್ ನೋಡಿಕೊಳ್ಳುತ್ತೇನೆ. ಚೆಂಡು ಕೋಲಿನ ಯಾವ ಜಾಗಕ್ಕೆ ತಾಗುತ್ತಿದೆ ಅಂತ ತಿಳಿಯಲು ಅದರ ಮುಖಕ್ಕೆ ಪೌಡರ್ ಹಚ್ಚುತ್ತೇನೆ. ಹೊಡೆದ ಗುರುತು ಅಲ್ಲೇ ಉಳಿಯುತ್ತದೆ. ಅಮ್ಮ ಕಳಿಸಿದ ವಿಭೂತಿಯೂ ಮನೆಯಲ್ಲಿತ್ತು, ಅದಕ್ಕೆ ಮನಸ್ಸು ಬರಲಿಲ್ಲ.

ಪಟಿಂಗ್ ಮಾತ್ರ ನನಗೆ ಬೇಗ ಕೈ ಹತ್ತಿತು. ಅದಕ್ಕೆ ಗೋಲಿ ಕಾರಣ ಅಂತ ನನ್ನ ನಂಬಿಕೆ. ಚಿಕ್ಕವರಿದ್ದಾಗ ಅಂಗಳ ಎತ್ತ ವಾಲಿದೆ, ಎಲ್ಲಿ ಮಣ್ಣು ಸಡಿಲ ಅಂತ ಬಗ್ಗಿ ನೋಡದೆ ಗೋಲಿ ಬಿಡುತ್ತಿದ್ದೆವಾ? ಗ್ರೀನ್, ಅಂದರೆ ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಮೇಲೂ ಅದೇ ಕೆಲಸ. ಲೋಟದ್ದು ಇನ್ನೊಂದು ಉಪಾಯ. ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್. ನಮ್ಮ ಲೋಟದ ಬಾಯಿ ಅದಕ್ಕಿಂತ ಎಷ್ಟೋ ಚಿಕ್ಕದು. ಒಂದು ತಿಂಗಳು ಲೋಟಕ್ಕೆ ಗುರಿಯಿಟ್ಟವನಿಗೆ ಮೈದಾನದ ಕುಳಿ ಬಾವಿಯ ಹಾಗೆ ಕಾಣುತ್ತದೆ.

ಬಾಮೈದನಿಗೆ ನಾನು ಅದಿತಿ ಅಶೋಕ್ ಉದಾಹರಣೆ ಕೊಟ್ಟೆ. ಬೆಂಗಳೂರಿನದೇ ಹುಡುಗಿ, ಗಾಲ್ಫ್ ಆಟಗಾರ್ತಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮನೇ ಚೀಲ ಹೊತ್ತು ಜೊತೆಗಿದ್ದರು. ದೂರ ಹೊಡೆಯುವುದರಲ್ಲಿ ಅವರು ಆ ಕಣದ ಕೊನೆಯವರ ಸಾಲಿನಲ್ಲಿದ್ದರು. ಪಟಿಂಗ್ ಬಲದಿಂದಲೇ ನಾಲ್ಕನೇ ಸ್ಥಾನಕ್ಕೆ ಬಂದರು, ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. "ಅವರು ಅದಿತಿ, ಭಾವ" ಎಂದ ಅವನು. ಅದೂ ನಿಜವೇ.

ಸ್ಕಾಟ್ಲೆಂಡ್ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಇಲ್ಲೂ ಗೋಡೆಗಳಿವೆ. ಇದೇ ಊರಿನ ಪಕ್ಕದ ಮ್ಯೂರ್‌ಫೀಲ್ಡ್‌ನ ಹೆಸರಾಂತ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಲು ಒಪ್ಪಿದ್ದು 2017ರಲ್ಲಿ! ಆದರೆ ಇನ್ನೊಂದು ಮುಖವೂ ಇದೆ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಅನ್ನುವ ಗಾಲ್ಫ್ ಮೈದಾನ ಸಾರ್ವಜನಿಕರ ಜಾಗ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ, ಊರವರು ನಾಯಿ ಕರೆದುಕೊಂಡು ಅಡ್ಡಾಡುತ್ತಾರೆ. ನಾವಿಬ್ಬರೂ ಬುತ್ತಿ ಕಟ್ಟಿಕೊಂಡು ಹೋಗಿ ನಡೆದು ಬಂದೆವು. ಕೊನೆಯ ಗ್ರೀನ್ ಹತ್ತಿರ ನಿಂತು ಚಿತ್ರಾನ್ನ ತಿಂದೆವು. ಯಾರೂ ಏನೂ ಅನ್ನಲಿಲ್ಲ.

ಹಾಗಂತ ಬೆಂಗಳೂರಿಗೆ ಇನ್ನಷ್ಟು 18 ಕುಳಿಯ ಮೈದಾನ ಬೇಕು ಅಂತ ನಾನು ಕೇಳುವುದಿಲ್ಲ. ಕುಡಿಯಲು ನೀರಿನ ಟ್ಯಾಂಕರ್ ಕಾಯುವ ಊರದು. ಪಾರ್ಕಿನಲ್ಲಿ ವೆಜ್ ಬೀಸಿದರೆ ವಾಕಿಂಗ್ ಬಂದವರ ತಲೆ ಒಡೆಯುತ್ತದೆ. ನನಗೆ ಬೇಕಾದದ್ದು ಚಿಕ್ಕದು. ಒಂದು ಪಾರ್ಕಿನ ಮೂಲೆ, ಗಿಡ್ಡ ಹುಲ್ಲು, ಒಂಬತ್ತು ಕುಳಿ, ಬಾಡಿಗೆಗೆ ನಾಲ್ಕು ಪಟರ್. ಚೆಂಡು ನೆಲ ಬಿಟ್ಟು ಏಳುವುದೇ ಇಲ್ಲ, ಯಾರಿಗೂ ಅಪಾಯವಿಲ್ಲ. 'ಇಲ್ಲಿ ಆಟವಾಡಬಾರದು' ಅನ್ನುವ ಬೋರ್ಡು ತೆಗೆಯಬೇಕಾಗುತ್ತದೆ, ಅದೇ ಕಷ್ಟ.

ಬರುವ ಜೂನ್‌ನಲ್ಲಿ ಬಾಮೈದ ಇಲ್ಲಿಗೆ ಬರುತ್ತಿದ್ದಾನೆ. ಗಾಲ್ಫ್ ಚೀಲಕ್ಕೆ ವಿಮಾನದಲ್ಲಿ ಬೇರೆ ದುಡ್ಡು ಕೊಡಬೇಕಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದ. "ಚೀಲ ಮನೆಯಲ್ಲೇ ಬಿಡು ಮಾರಾಯಾ, ಬರುವಾಗ ಎರಡು ಸ್ಟೀಲ್ ಲೋಟ ತಾ" ಎಂದೆ. ನಮ್ಮದು ನೆಗ್ಗಿಹೋಗಿದೆ. ಇನ್ನೊಂದನ್ನು ಕೆಳಗಿನ ಮನೆ ಅಜ್ಜ ಕೇಳಿದ್ದಾರೆ.