ಕಬ್ಬಿನ ಗಾಡಿ ಹ್ವಾತು, ಕಲ್ಲು ಉಳೀತು

ಸಕ್ಕರಿ ಕಾರ್ಖಾನಿ ಚಾಲೂ ಆದ್ವು ಅಂದ್ರ ಮುಧೋಳ, ಜಮಖಂಡಿ, ಮಹಾಲಿಂಗಪುರ, ಅಥಣಿ ಕಡೆ ರಸ್ತೆ ಮ್ಯಾಲ ಓಡಾಡೋರಿಗೆ ನಾಲ್ಕೈದು ತಿಂಗಳು ಜೀವ ಕೈಯಾಗ ಹಿಡಕೊಂಡ ಹೋಗೂದು. ಕಡದ ಕಬ್ಬು ಹೊಲದಾಗ ಬಿದ್ದಷ್ಟೂ ಒಣಗಿ ತೂಕ ಕಳಕೊಂತೈತಿ, ಸಕ್ಕರಿ ಇಳುವರಿನೂ ಕಮ್ಮಿ ಆಕ್ಕೈತಿ. ರೈತಗ ಅವಸರ ಇರೂದು ಖರೇನ. ಆದ್ರ ಆ ಕಬ್ಬ ಹೇರಕೊಂಡ ಹೋಗೂ ಟ್ರ್ಯಾಕ್ಟರ್ ಗಾಡಿ ಸುತ್ತ ಕೆಲವು ಮಂದಿ ಮಾಡೂ ಉದ್ಯೋಗ ನೋಡಿದ್ರ ತಲಿ ಕೆಡತೈತಿ.

ಎಲ್ಲಾರಕಿಂತ ಹೆಚ್ಚ ಸಿಟ್ಟ ಬರೂದು ಕಲ್ಲ ಬಿಟ್ಟು ಹೋಗೋರ ಮ್ಯಾಲ. ಟೈರ್ ಒಡೀತೈತಿ, ಇಲ್ಲಾ ಆ್ಯಕ್ಸಲ್ ಮುರೀತೈತಿ, ಇಲ್ಲಾ ಹುಕ್ಕಿನ ಪಿನ್ ಕಿತ್ತ ಬರತೈತಿ. ಗಾಲಿಗೆ ಅಡ್ಡ ಎರಡು ದಪ್ಪನ ಕಲ್ಲು, ಹಿಂದಿನವ್ರಿಗೆ ಗೊತ್ತಾಗ್ಲಿ ಅಂತ ಮತ್ತ ನಾಲ್ಕು, ಮ್ಯಾಲೊಂದು ಜಾಲಿ ಟೊಂಗಿ. ರಿಪೇರಿ ಮುಗೀತು, ಹಾಡ ಹಚ್ಚಿದ್ರು, ಹ್ವಾದ್ರು. ಕಲ್ಲು ಅಲ್ಲೇ. ಡಾಂಬರಿನ ಬಣ್ಣದ ಕರಿಕಲ್ಲು ರಾತ್ರಿ ಬೈಕಿನ ಲೈಟಿಗೆ ಕಾಣೂದು ತೀರಾ ಸಮೀಪ ಬಂದ ಮ್ಯಾಲ. 60 ಕಿ.ಮೀ. ವೇಗದಾಗ ಬರೋ ಬೈಕ್ ಒಂದ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದ ಹೋಗತೈತಿ. ಬ್ರೇಕ್ ಮ್ಯಾಲ ಕಾಲ ಇಡೂದ್ರಾಗ ಆ ಸೆಕೆಂಡ್ ಮುಗದಿರತೈತಿ. ಅಣ್ಣಾ, ಆ ಕಲ್ಲ ನೀನ ಹೊತ್ತ ತಂದಿ. ಎತ್ತಿ ದಂಡಿಗೆ ಒಗಿಯಾಕ ಎರಡ ನಿಮಿಷ ಸಾಕು. ಅದೂ ಆಗೂದಿಲ್ಲಂದ್ರ ಎರಡು ಕಟಿಗಿ ಬೆಣಿ ಮಾಡಿಸಿ ಹಗ್ಗದಿಂದ ಡಬ್ಬಿಗೆ (ಟ್ರೇಲರಿಗೆ) ಕಟ್ಟು. ಅವು ರಸ್ತೆದಾಗ ಉಳಿಯೂದಿಲ್ಲ. ಸೀಟಿನ ಕೆಳಗ ಒಂದ ಕೆಂಪು ತ್ರಿಕೋನ ಇರ್ಲಿ. ಅದನ್ನ ಡಬ್ಬಿ ಬುಡಕ ಇಟ್ರ ಏನೂ ಉಪಯೋಗಿಲ್ಲ, ಕಮ್ಮಿ ಅಂದ್ರೂ ಐವತ್ತ ಹೆಜ್ಜಿ ಹಿಂದ ಇಡಬೇಕು.

ಹಿಂದಿನ ಲೈಟ್ ಕೇಳಿದ್ರ "ರೇಡಿಯಂ ಹಚ್ಚೇವಲ್ರಿ" ಅಂತಾರ. ಹಚ್ಚೀರಿ, ಅದರ ಮ್ಯಾಲ ಮಾರುದ್ದ ಕಬ್ಬು ಇಳಿಬಿಟ್ಟೀರಿ. ಉಳಿದದ್ದು ಧೂಳು ನುಂಗೇತಿ. ಎರಡನೇ ಡಬ್ಬಿಗೆ ಕರೆಂಟ್ ಹೋಗೂದು ಮೊದಲನೇದರ ವೈರಿನಿಂದ. ಸಾಕೆಟ್ಟಿನ ಪಿನ್ ತುಕ್ಕ ಹಿಡದ್ರ, ತಿರುವಿನಾಗ ವೈರ್ ಜಗ್ಗಿ ಹರದ್ರ, ಡ್ರೈವರಗ ಗೊತ್ತ ಆಗೂದಿಲ್ಲ. ಲೈಟ್ ಮಿಣಿಮಿಣಿ ಅಂದ್ರ ಮೊದಲ ಅರ್ಥಿಂಗ್ ವೈರ್ ನೋಡ್ರಿ, ತುಕ್ಕಿದ್ದಲ್ಲೆ ಪಾಲಿಶ್ ಪೇಪರ್ ತಿಕ್ರಿ. ಟ್ರಿಪ್ಪಿಗೊಮ್ಮೆ ಹಸಿ ಅರಬಿಲೆ ರೇಡಿಯಂ ಒರಸ್ರಿ. ಕಬ್ಬಿನ ತುದಿಗೂ ಕೆಂಪು ರಿಫ್ಲೆಕ್ಟರ್ ಹಲಗಿ ಕಟ್ಟಿದ್ರ ಇನ್ನೂ ಚಲೋ.

ಇನ್ನ ಹಾಡು. ಟ್ರ್ಯಾಕ್ಟರಿನ ಮಡಗಾರ್ಡಿಗೆ ಎರಡೆರಡು ಬಾಕ್ಸ್, ನಡುರಾತ್ರಿ ಊರಾಗ ಹಾದ್ರ ಕಿಟಕಿ ಗ್ಲಾಸು ನಡಗತಾವು, ತೊಟ್ಟಿಲಾಗಿನ ಕೂಸು ಎದ್ದ ಕುಂಡರತೈತಿ. ರಾತ್ರಿ 10ರಿಂದ ಬೆಳಿಗ್ಗೆ 6ರತನಕ ಧ್ವನಿವರ್ಧಕ ಹಚ್ಚಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳತೈತಿ. ಡ್ರೈವರಗ ನಿದ್ದಿ ಬರಬಾರದು ಅನ್ನೂದು ತಿಳೀತೈತಿ, ಆದ್ರ ಹಿಂದಿನ ಗಾಡಿ ಹಾರ್ನ್ ಕೇಳಸ್ಲಿಲ್ಲಂದ್ರ ಎಚ್ಚರಿದ್ದು ಏನ್ ಮಾಡೂದು? ನಿದ್ದಿ ಬಂದ್ರ ಗಾಡಿ ದಂಡಿಗೆ ಹಚ್ಚಿ ಅರ್ಧಾ ತಾಸ ಮಲಗ್ರಿ.

ಲೋಡ್ ವಿಷಯ ಎಲ್ಲಾರಿಗೂ ಗೊತ್ತೈತಿ. ಬಾಡಿಗಿ ಟನ್ನಿನ ಲೆಕ್ಕ, ಹಂಗಾಗಿ ಹೇರೂದು. ಏರು ಬಂದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದ ಬಿಡತಾವು, ಸ್ಟೇರಿಂಗ್ ಕೈಯಾಗ ಇದ್ದೂ ಇಲ್ಲದಂಗ. ಮೋಟಾರು ವಾಹನ ಕಾಯ್ದೆಗೆ 2019ರಾಗ ತಿದ್ದುಪಡಿ ಆದ ಮ್ಯಾಲ ಹೆಚ್ಚಿನ ಲೋಡಿಗೆ ದಂಡ 20,000 ರೂಪಾಯಿ, ಮ್ಯಾಲ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಎರಡ ಟನ್ನಿನ ಬಾಡಿಗಿ ಹೆಚ್ಚ ಗಳಸಾಕ ಹೋಗಿ ಇಷ್ಟ ಕೊಡೂದು ಯಾವ ಲೆಕ್ಕ?

ಡ್ರೈವರಗಷ್ಟ ಬೈದ್ರ ನ್ಯಾಯ ಆಗೂದಿಲ್ಲ. ಹೊಂಟ ಗಾಡಿಯಾಗಿನ ಕಬ್ಬ ಜಗ್ಗೋರು ಅದಾರಲ್ಲ, ಅವ್ರನ್ನ ನೋಡಿದ್ರ ಎದಿ ಝಲ್ ಅಂತೈತಿ. ಸ್ಪೀಡ್ ಬ್ರೇಕರ್ ಹಂತೇಕ ಕಾದ ನಿಂತಿರತಾರ. ಬಿಗಿಯಾಗಿ ಹೇರಿದ ಕಬ್ಬು ಒಮ್ಮೆ ಜಗ್ಗಿದ್ರ ಬರೂದಿಲ್ಲ, ಗಾಡಿ ಕೂಡ ಓಡಬೇಕು. ಕಾಲ ಜಾರಿದ್ರ ಬೀಳೂದು ಎರಡನೇ ಡಬ್ಬಿ ಗಾಲಿ ಕೆಳಗ, ಅದು ಡ್ರೈವರಗ ಕಾಣೂದ ಇಲ್ಲ. ಕಬ್ಬ ಬೇಕಂದ್ರ ಹೊಲಕ್ಕ ಹೋಗಿ ಕೇಳ್ರಿ, ನಮ್ಮ ಕಡೆ ಯಾವ ರೈತನೂ ಒಂದ ಗಳಾ ಕಬ್ಬಿಗೆ ಇಲ್ಲ ಅನ್ನೂದಿಲ್ಲ. ಸಾಲಿ ಹುಡುಗ್ರು ಗಾಡಿ ಹಿಂದ ಓಡಿದ್ರ, ಕಟ್ಟಿ ಮ್ಯಾಲ ಕುಂತ ದೊಡ್ಡವ್ರು ನಕ್ಕೋಂತ ನೋಡಬ್ಯಾಡ್ರಿ, ಎದ್ದ ಹೋಗಿ ಕೈ ಹಿಡದ ಕರಕೊಂಡ ಬರ್ರಿ.